ಪೈಪಿನ ಬರಹ ಒರೆಸಲೂ ಒಂದು ಕ್ರಮವಿದೆ

ಈಗಿನ ಮಕ್ಕಳಿಗೆ ಪಿವಿಸಿ ಪೈಪಿನ ತುಂಡು ಸಿಕ್ಕಿದರೆ ಸಾಕು, ಗೂಡುದೀಪ, ಪೆನ್ನಿಡುವ ಸ್ಟ್ಯಾಂಡು, ಹೂದಾನಿ ಅಂತ ಏನೇನೋ ಮಾಡುತ್ತಾರೆ. ಮಾಡಲಿ. ಅಡಿಕೆ ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಬಂದ ಮೇಲೆ ನಮ್ಮ ಕಾಸರಗೋಡಿನ ಕಡೆ ತುಂಡು ಪೈಪು ಇಲ್ಲದ ಕೊಟ್ಟಿಗೆ ಎಲ್ಲಿದೆ? ಆದರೆ ಅದರ ಮೇಲಿನ ಅಚ್ಚಿನ ಬರಹ ತೆಗೆಯುವ ಚಂದ ನೋಡಿದರೆ ನನಗೆ ತಡೆಯುವುದಿಲ್ಲ. ಒಬ್ಬ ಬ್ಲೇಡಿನಲ್ಲಿ ಹೆರೆಯುತ್ತಾನೆ. ಇನ್ನೊಬ್ಬಳು ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದು ಉಜ್ಜುತ್ತಾಳೆ. ಬರಹ ಹೋಗುತ್ತದೆ, ಸರಿ. ಮೈಯೆಲ್ಲ ಗೀರು ಉಳಿಯುತ್ತದಲ್ಲ! ಬಣ್ಣ ಬಳಿದರೂ ಅದು ಇಣುಕುತ್ತದೆ.

ಮೊದಲು ಒರೆಸಲೇಬೇಕೋ ನೋಡಿ. ಬರಹ ಇರುವುದು ಒಂದು ಬದಿಯಲ್ಲಿ, ಒಂದೇ ಗೆರೆಯಲ್ಲಿ. ಗೋಡೆಗೆ ತಾಗಿಸಿ ಇಡುವ ವಸ್ತುವಾದರೆ ಆ ಬದಿಯನ್ನು ಹಿಂದೆ ತಿರುಗಿಸಿದರೆ ಆಯ್ತು, ಅಲ್ವಾ? ಇನ್ನು, ಬೇಕಾದಷ್ಟು ಕತ್ತರಿಸಿಕೊಂಡ ಮೇಲೆಯೇ ಒರೆಸಲು ಕೂರಿ. ಆ ಬರಹ ಸುಮ್ನೆ ಹಾಕಿದ್ದಲ್ಲ. ಐ.ಎಸ್. 4985 ಎಂಬ ಭಾರತೀಯ ಗುಣಮಟ್ಟದ ಗುರುತು, ಎಷ್ಟು ಮಿಲಿಮೀಟರ್, ಎಷ್ಟು ಒತ್ತಡ ತಡೆಯುತ್ತದೆ ಎಲ್ಲ ಅದರಲ್ಲೇ ಇರುತ್ತದೆ. ನಮ್ಮ ಮೊಮ್ಮಗ 20 ಅಡಿಯ ಇಡೀ ಪೈಪನ್ನು ಒರೆಸಿಟ್ಟಿದ್ದ. ಬೇಕಾಗಿದ್ದದ್ದು ಒಂದು ಗೇಣು! ಉಳಿದದ್ದು 4 ಕೆ.ಜಿ. ಒತ್ತಡ ತಡೆಯುವುದೋ 6 ಕೆ.ಜಿ.ಯದೋ ಎಂದು ಅಜ್ಜ ತಲೆ ಕೆರೆದುಕೊಂಡು ನಿಂತರು.

ಒರೆಸಲು ಮೊದಲು ಹಿಡಿಯಬೇಕಾದದ್ದು ಸ್ಪಿರಿಟ್. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. 2020ರ ಕೊರೋನಾ ಕಾಲದಲ್ಲಿ ತಂದ ಕೈ ತೊಳೆಯುವ ಸ್ಯಾನಿಟೈಸರ್ ಮೂಲೆಯಲ್ಲಿದ್ದರೆ ಅದೂ ಆದೀತು, ಗಂಜಿಯಂಥದ್ದು ಬೇಡ, ನೀರಿನಂಥದ್ದು. ಸ್ಪಿರಿಟ್ ಪೈಪಿಗೆ ಏನೂ ಮಾಡುವುದಿಲ್ಲ. ಎಲ್ಲ ಶಾಯಿಯೂ ಅದಕ್ಕೆ ಬಗ್ಗುವುದಿಲ್ಲ, ಒಪ್ಪುತ್ತೇನೆ. ಆದರೂ ಮೊದಲು ಅದನ್ನೇ ಹಚ್ಚಿ ನೋಡಿ.

ಈಗ ಬಟ್ಟೆಯ ವಿಷಯ. ಇದನ್ನು ಹೇಳಲಿಕ್ಕೆಂದೇ ಬರೆಯಲು ಕೂತದ್ದು. ಹತ್ತಿ ಉಂಡೆ ಬೇಡ, ಟಿಶ್ಯೂ ಬೇಡ. ಒಗೆದು ಒಗೆದು ಮೆತ್ತಗಾದ ಹಳೇ ಬೈರಾಸು (ಮೈ ಒರೆಸುವ ಬಟ್ಟೆ) ಬೇಕು, ಅದೂ ಬಿಳಿಯದೇ. ಬಣ್ಣದ್ದಾದರೆ ಅದರ ಬಣ್ಣವೇ ಪೈಪಿಗೆ ಹತ್ತೀತು. ಅಂಗೈ ಅಗಲ ಹರಿದು ನಾಲ್ಕು ಮಡಿಕೆ ಮಾಡಿ ತೋರುಬೆರಳಿಗೆ ಬಿಗಿಯಾಗಿ ಸುತ್ತಿ. ತುದಿ ಮಾತ್ರ ಒದ್ದೆಯಾಗಬೇಕು, ಹಿಂಡಿದರೆ ಹನಿ ಬೀಳಬಾರದು. ಬರಹದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಬಾರದು. ಎಳೆದ ಕೂಡಲೇ ಬಟ್ಟೆಯ ಆ ಜಾಗ ಕಪ್ಪಾಗಿರುತ್ತದೆ, ಬೆರಳು ಜರುಗಿಸಿ ಹೊಸ ಜಾಗ ತನ್ನಿ. ಮತ್ತೆ ಎಳೆಯಿರಿ, ಮತ್ತೆ ಜರುಗಿಸಿ. ಎಲ್ಲರೂ ಸೋಮಾರಿತನ ಮಾಡುವುದು ಇಲ್ಲಿಯೇ. ಕಪ್ಪಾದ ಜಾಗದಲ್ಲೇ ಉಜ್ಜಿದರೆ ತೆಗೆದ ಶಾಯಿಯನ್ನೇ ಮತ್ತೆ ಬಳಿದ ಹಾಗೆ. ಪೈಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಅತ್ತೆ ಲಾಟೀನಿನ ಗಾಜು ಒರೆಸುತ್ತಿದ್ದದ್ದೂ ಹೀಗೆಯೇ, ಮಸಿ ಹಿಡಿದ ಮಡಿಕೆಯನ್ನು ಎರಡನೇ ಸಲ ಗಾಜಿಗೆ ತಾಗಿಸಿದರೆ ಬೈಗುಳ ಗ್ಯಾರಂಟಿ. ಆಗ ಸಿಟ್ಟು ಬರುತ್ತಿತ್ತು, ಈಗ ನಾನೇ ಬೈಯುತ್ತೇನೆ.

ಸ್ಪಿರಿಟ್‌ಗೆ ಹೋಗದಿದ್ದರೆ ಅಸಿಟೋನ್. ಉಗುರಿನ ಬಣ್ಣ ತೆಗೆಯುವ ಬಾಟಲಿಯಲ್ಲಿ ಹೆಚ್ಚಾಗಿ ಇರುವುದು ಅದೇ, ಕೊಳ್ಳುವಾಗ ಹೆಸರು ಓದಿ ನೋಡಿ. ಶಾಯಿ ಚಕ್ಕನೆ ಏಳುತ್ತದೆ. ಆದರೆ ಅದು ಪಿವಿಸಿಯನ್ನೂ ಮೆತ್ತಗೆ ಮಾಡುತ್ತದೆ. ಬಟ್ಟೆ ಅಲ್ಲೇ ಒತ್ತಿಟ್ಟರೆ ಮೈ ಅಂಟಂಟಾಗಿ ನಿಮ್ಮ ಬೆರಳಿನ ಗುರುತು ಮೂಡುತ್ತದೆ, ಹೊಳಪೂ ಹೋಗುತ್ತದೆ. ಅದರಲ್ಲಿ ಪೈಪು ನೆನೆಹಾಕುವವರಿಗೆ ಏನು ಹೇಳಲಿ! ಬಟ್ಟೆಯ ಕ್ರಮ ಅದೇ, ಕೈ ಮಾತ್ರ ಇನ್ನೂ ಚುರುಕಾಗಬೇಕು. ಜಗಲಿಯಲ್ಲೋ ಅಂಗಳದಲ್ಲೋ ಕೂತು ಮಾಡಿ. ಅಡಿಗೆಮನೆಯಲ್ಲಿ ಒಲೆ ಉರಿಯುವಾಗ ಬಾಟಲಿ ತೆರೆಯಲೇಬೇಡಿ, ಅದರ ಆವಿಗೆ ಬೆಂಕಿ ಹಿಡಿಯುತ್ತದೆ.

ತೆಂಗಿನೆಣ್ಣೆ ಆಗುವುದಿಲ್ಲವಾ ಎಂದು ಕೇಳುತ್ತಾರೆ. ಸ್ಟಿಕ್ಕರಿನ ಅಂಟಿಗೆ ಆಗುತ್ತದೆ, ಈ ಶಾಯಿಗೆ ಇಲ್ಲ. ಎಣ್ಣೆ ಹಲಸಿನ ಮೇಣಕ್ಕಿರಲಿ. ಅದನ್ನೂ ಕತ್ತಿಗೆ, ಕೈಗೆ ಮೊದಲೇ ಸವರಿಕೊಳ್ಳಬೇಕು. ಮೇಣ ಮೆತ್ತಿಸಿಕೊಂಡ ಮೇಲೆ ಎಣ್ಣೆ ಡಬ್ಬ ಹುಡುಕುವುದು ನಮ್ಮ ಮನೆ ಹೆಣ್ಣುಮಕ್ಕಳ ಅಭ್ಯಾಸ.

ಬಣ್ಣ ಬಳಿಯುವುದಾದರೆ ಮಾತ್ರ ಸ್ಯಾಂಡ್ ಪೇಪರ್ ಹಿಡಿಯಿರಿ. 400 ನಂಬರಿನದ್ದು, ನೀರಿನಲ್ಲಿ ಅದ್ದಿ. ಒಣಗಿದ್ದರಲ್ಲಿ ತಿಕ್ಕಿದರೆ ಪ್ಲಾಸ್ಟಿಕ್ ಹುಡಿ ಮೂಗಿಗೆ ಹೋಗುತ್ತದೆ. ಬರಹವಿದ್ದಲ್ಲಿ ಮಾತ್ರವಲ್ಲ, ಸುತ್ತಲೂ ಒಂದೇ ಹದಕ್ಕೆ ತಿಕ್ಕಬೇಕು. ಮೈ ತುಸು ತರಿಯಾದರೆ ಬಣ್ಣ ಹಿಡಿದುಕೊಳ್ಳುತ್ತದೆ. ಆಮೇಲೆ ತೊಳೆದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಮಳೆಗಾಲವಾದರೆ ಒಂದು ರಾತ್ರಿ ಜಾಸ್ತಿಯೇ ಬಿಡಿ.

ಒರೆಸಿದ ಬಟ್ಟೆಯನ್ನು ಬಚ್ಚಲೊಲೆಗೆ ಎಸೆಯಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿಡಿ, ವಾಸನೆ ಹೋಗಲಿ. ಪೈಪಿನ ಚೂರುಗಳನ್ನಂತೂ ಒಲೆಯ ಹತ್ತಿರಕ್ಕೂ ತರಬೇಡಿ. ಪಿವಿಸಿ ಸುಟ್ಟ ಹೊಗೆ ವಿಷ, ಗಂಟಲು ಹಿಡಿಯುತ್ತದೆ. ಚೀಲದಲ್ಲಿ ಕಟ್ಟಿಟ್ಟು, ಮನೆಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ನಮ್ಮ ಕೇರಳದ ಹರಿತ ಕರ್ಮ ಸೇನೆಯವರು ಬಂದಾಗ ಕೊಡಿ. ಮಣ್ಣು ಮೆತ್ತಿದ್ದರೆ ತೊಳೆದೇ ಕೊಡಿ, ಅವರೂ ಮನುಷ್ಯರೇ.