ಬಂಡೆಗೆ ಅಂಟಿದ ಹವಳದಿಂದ ಹಳೆಯ ಕಡಲಮಟ್ಟ ಕಂಡುಕೊಂಡ ಬಗೆ

ಸುಮಾರು 1,25,000 ವರ್ಷಗಳ ಹಿಂದೆ ಭೂಮಿ ಹೆಚ್ಚುಕಡಿಮೆ ಇವತ್ತಿನಷ್ಟೇ ಬಿಸಿಯಾಗಿತ್ತು. ಕಡಲು ಮಾತ್ರ ಈಗಿನದಕ್ಕಿಂತ ಹಲವು ಮೀಟರ್ ಮೇಲಿತ್ತು. ಎಷ್ಟು ಮೀಟರ್ ಅಂತ ಆ ಕಾಲದ ಹವಳದಿಂದ ಕಂಡುಕೊಳ್ಳುವುದೇ ನನ್ನ ಕೆಲಸ.

ನಾನು ಹವಳ ಹುಡುಕಿದ್ದು ಹಿಂದೂ ಮಹಾಸಾಗರದ ದ್ವೀಪದೇಶ ಸೆಶೆಲ್ಸ್‌ನ ಲಾ ದೀಗ್ ದ್ವೀಪದಲ್ಲಿ. ಅಲ್ಲಿಯ ನೆಲ ಹಳೆಯ ಗ್ರಾನೈಟ್, ಹೆಚ್ಚು ಅಲುಗಾಡುವುದಿಲ್ಲ. ಧ್ರುವಗಳ ಹಿಮದಿಂದಲೂ ಬಹಳ ದೂರ. ಹಿಮದ ಭಾರಕ್ಕೆ ನೆಲ ಕುಸಿದು ಮತ್ತೆ ಏಳುವ ಗೋಜಲು ಇಲ್ಲಿ ಕಡಿಮೆ.

ಹವಳ ಸಿಕ್ಕಿದ ತಕ್ಷಣ ಅದರ ಎತ್ತರವೇ ಕಡಲಮಟ್ಟ ಅಂದುಕೊಳ್ಳುವ ಹಾಗಿಲ್ಲ. ಹವಳ ಬೆಳೆಯುವುದು ನೀರಿನೊಳಗೆ ಅಲ್ವಾ? ಹಾಗಾಗಿ ಮೊದಲು ನೋಡುವುದು, ಅದು ಬೆಳೆದ ಜಾಗದಲ್ಲೇ ಇದೆಯೋ, ಅಲೆ ಎಸೆದ ತುಂಡೋ ಅಂತ. ಆಮೇಲೆ ಜಾತಿ ಯಾವುದು, ಅದು ಎಷ್ಟು ಆಳದಲ್ಲಿ ಬದುಕುತ್ತದೆ ಅಂತ. ಮೇಲೆ ದಪ್ಪ ಸುಣ್ಣಪಾಚಿಯ ಪದರ ಇದ್ದರೆ ನನಗೆ ಖುಷಿ. ಅಲೆ ಬಡಿಯುವ ಕಡಿಮೆ ಆಳದ ನೀರಿನ ಗುರುತು ಅದು. ಎತ್ತರವನ್ನು ಉಬ್ಬರ ಇಳಿತಗಳ ಸರಾಸರಿ ಮಟ್ಟದಿಂದ ಅಳೆಯಬೇಕು. ಸುಮ್ನೆ ದಡದ ನೀರು ನೋಡಿ ಅಳೆದರೆ ಲೆಕ್ಕ ಕೆಟ್ಟಂತೆಯೇ.

ವಯಸ್ಸು ಹೇಳುವುದು ಯುರೇನಿಯಂ. ಹವಳ ಬೆಳೆಯುವಾಗ ಸಮುದ್ರದ ನೀರಿನಿಂದ ಯುರೇನಿಯಂ ಹೀರುತ್ತದೆ, ಥೋರಿಯಂ ಬಹುತೇಕ ಸೇರುವುದಿಲ್ಲ. ಕಾಲ ಕಳೆದಂತೆ ಯುರೇನಿಯಂ ಥೋರಿಯಂ ಆಗುತ್ತಾ ಹೋಗುತ್ತದೆ, ಹಾಗಾಗಿ ಎರಡರ ಪ್ರಮಾಣ ಅಳೆದರೆ ವಯಸ್ಸು ತಿಳಿಯುತ್ತದೆ. ಆದರೆ ಮಳೆನೀರು ಹೊಕ್ಕು ಹವಳದ ಮೂಲ ಖನಿಜ ಅರಗೋನೈಟ್ ಬದಲಾಗಿ ಕ್ಯಾಲ್ಸೈಟ್ ಅನ್ನುವ ಬೇರೆ ಖನಿಜ ಆಗಿದ್ದರೆ ವಯಸ್ಸಿನ ಲೆಕ್ಕ ನಂಬುವ ಹಾಗಿಲ್ಲ, ಆ ಮಾದರಿಯನ್ನು ಬಿಟ್ಟುಬಿಡುತ್ತೇನೆ. ಎಷ್ಟೇ ಚೆಂದ ಕಂಡರೂ ಸರಿ. ಈ ವಿಷಯದಲ್ಲಿ ರಾಜಿ ಬೇಡ ಅನ್ನುವುದು ನನ್ನ ಗಟ್ಟಿ ನಿಲುವು.

ಸೆಶೆಲ್ಸ್ ಹವಳಗಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಿನ ಕಡಲು ಸುಮಾರು 7.6 ಮೀಟರ್ ಮೇಲಿತ್ತು ಎನ್ನುತ್ತದೆ. 1.7 ಮೀಟರ್ ಆಚೀಚೆ ಇರಬಹುದು. ಗ್ರೀನ್‌ಲ್ಯಾಂಡ್ ಹಿಮ ಒಂದೇ ಕರಗಿದರೆ ಇಷ್ಟು ನೀರು ಬರುವುದು ಕಷ್ಟ, ಅಂಟಾರ್ಕ್ಟಿಕವೂ ಕರಗಿರಬೇಕು. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ನನ್ನ ಕಳವಳ ಇಲ್ಲಿದೆ.

ಮಂಗಳೂರಿನ ಕಡೆಯ ಗೆಳೆಯರು ಕೇಳುತ್ತಾರೆ, 2100ಕ್ಕೆ ನಮ್ಮ ಕಡಲು ಎಷ್ಟು ಏರುತ್ತದೆ ಅಂತ. ಅದಕ್ಕೆ ಹವಳ ನೇರ ಉತ್ತರ ಕೊಡುವುದಿಲ್ಲ. ಇಷ್ಟು ಬಿಸಿ ಬಹಳ ಕಾಲ ನಿಂತರೆ ಎಲ್ಲಿಗೆ ಮುಟ್ಟಬಹುದು ಅಂತ ಹೇಳುತ್ತದೆ, ಎಷ್ಟು ಬೇಗ ಅಂತ ಅಲ್ಲ. ಉಪಗ್ರಹಗಳ ಪ್ರಕಾರ ಈಗಿನ ಏರಿಕೆ ವರ್ಷಕ್ಕೆ 4 ಮಿಲಿಮೀಟರ್‌ಗಿಂತ ಜಾಸ್ತಿ. ವೇಗದ ಸುಳಿವಿಗಾಗಿ ಈಗ ನಾನು ಒಂದೇ ಬಂಡೆಯಲ್ಲಿ ಮೇಲೆ ಮೇಲೆ ಬೆಳೆದ ಹವಳದ ಪದರಗಳನ್ನೂ, ಅವುಗಳ ನಡುವಿನ ಪುಡಿ ಹವಳವನ್ನೂ ನೋಡುತ್ತಿದ್ದೇನೆ.