ತೊಗರಿ ಬಿತ್ತುವ ಮುನ್ನ ಸಮುದ್ರದ ತಾಪವನ್ನು ಓದುವುದು ಹೇಗೆ?

ಕಲಬುರಗಿಯ ಎರೆ ಹೊಲದಲ್ಲಿ ಮಿರಗದ ಮಳೆಗೆ ಕಾಯುವವರು ಸಾವಿರಾರು ಕಿಲೋಮೀಟರ್ ಆಚೆಯ ಪೆಸಿಫಿಕ್ ಸಾಗರದ ಬಿಸಿಯನ್ನೂ ಒಮ್ಮೆ ವಿಚಾರಿಸಿಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಎರಡು ಅಂಕಿಗಳನ್ನು ಸರಿಯಾದ ತಿಂಗಳಲ್ಲಿ ಓದಲು ಬಂದರೆ ಸಾಕು.

ಮೊದಲನೆಯದು ನಿನೊ 3.4, ಅಂದರೆ ಪೆಸಿಫಿಕ್ ಸಾಗರದ ನಡುವಿನ ಒಂದು ಗೊತ್ತಾದ ಪಟ್ಟಿಯ ನೀರಿನ ತಾಪ. ಸಮಭಾಜಕದ ಎರಡೂ ಬದಿ 5 ಡಿಗ್ರಿ ಅಕ್ಷಾಂಶ, ಪಶ್ಚಿಮ ರೇಖಾಂಶ 120ರಿಂದ 170ರ ನಡುವಿನ ನೀರು ವಾಡಿಕೆಗಿಂತ ಕನಿಷ್ಠ 0.5 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಅದು ಎಲ್ ನಿನೊ, ಅಷ್ಟೇ ತಂಪಾಗಿ ಉಳಿದರೆ ಲಾ ನಿನಾ. ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳಿ ಹಿಡಿದಿರುತ್ತವೆ. ಆ ಗಾಳಿ ಬಲಗುಂದಿದಾಗ ಬಿಸಿನೀರು ಪೂರ್ವಕ್ಕೆ ಹರಡುತ್ತದೆ, ಗಾಳಿ ಮೇಲೇರಿ ಮೋಡವಾಗುವ ಜಾಗವೂ ಅದರೊಡನೆ ಸರಿಯುತ್ತದೆ, ನಮ್ಮ ಮೇಲಿನ ಗಾಳಿ ಕೆಳಗಿಳಿಯುತ್ತ ಮೋಡ ಬೆಳೆಯುವುದನ್ನು ತಡೆಯುತ್ತದೆ. 2015 ಮತ್ತು 2023 ಎಲ್ ನಿನೊ ವರ್ಷಗಳು. ಎರಡರಲ್ಲೂ ರಾಜ್ಯ ಬರ ಕಂಡಿತು.

ಆದರೆ ಇದೊಂದನ್ನೇ ನಂಬಿದರೆ ಮೋಸವಾಗುತ್ತದೆ. 1997ರ ಎಲ್ ನಿನೊ ಬಹಳ ಪ್ರಬಲವಾಗಿತ್ತು, ಆದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಸುಮಾತ್ರಾದ ಬದಿ ತಂಪಾಗಿದ್ದುದು ನೆರವಾಯಿತು ಎಂಬುದು ವಿಜ್ಞಾನಿಗಳ ವಿವರಣೆ. ಈ ವ್ಯತ್ಯಾಸವನ್ನು ಅಳೆಯುವ ಹಿಂದೂ ಮಹಾಸಾಗರ ದ್ವಿಧ್ರುವವೇ ನೀವು ನೋಡಬೇಕಾದ ಎರಡನೇ ಅಂಕಿ.

ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿಬರುವ ಎಲ್ ನಿನೊ ಸುದ್ದಿಗೆ ಹೆದರಿ ಬೀಜ ಬದಲಿಸಬೇಡಿ. ಆ ಹೊತ್ತಿನ ಮುನ್ಸೂಚನೆ ಮಳೆಗಾಲದ ವಿಷಯದಲ್ಲಿ ದುರ್ಬಲ. ಹವಾಮಾನ ಇಲಾಖೆಯ ಏಪ್ರಿಲ್ ಮುನ್ಸೂಚನೆಯನ್ನು ಗಮನದಲ್ಲಿಟ್ಟುಕೊಂಡು, ಮೇ ಕೊನೆಯ ಪರಿಷ್ಕೃತ ಅಂದಾಜು ಬಂದ ಮೇಲೆ ತೀರ್ಮಾನಿಸಿ. ಅದರಲ್ಲೂ ಇಡೀ ದೇಶದ ಶೇಕಡಾವಾರನ್ನು ಬಿಟ್ಟು ದಕ್ಷಿಣ ಪರ್ಯಾಯ ದ್ವೀಪದ ಭಾಗವನ್ನು ಓದಿ.

ಎಲ್ ನಿನೊ ಇದ್ದು ಹಿಂದೂ ಮಹಾಸಾಗರದ ಬೆಂಬಲವೂ ಕಾಣದಿದ್ದರೆ, ಬೇಗ ಕಟಾವಿಗೆ ಬರುವ ತೊಗರಿ ತಳಿಯನ್ನು ಆರಿಸಿ, ಸಾಲುಗಳ ನಡುವೆ ಹೆಸರು ಹಾಕಿ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೂ ಅಷ್ಟರಲ್ಲಿ ಹೆಸರಿನ ಫಸಲು ಬಹುಪಾಲು ಕೈಗೆ ಬಂದಿರುತ್ತದೆ. ಲಾ ನಿನಾ ವರ್ಷದಲ್ಲಿ ಚಿಂತೆ ಬೇರೆ. ತೊಗರಿಯ ಬೇರು ನಿಂತ ನೀರನ್ನು ತಾಳದು, ಆದ್ದರಿಂದ ತಗ್ಗಿನ ಹೊಲಗಳಲ್ಲಿ ಬಸಿಗಾಲುವೆಯನ್ನು ಬಿತ್ತನೆಗೆ ಮೊದಲೇ ತೆಗೆಯಬೇಕು. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತದ ಮಳೆಗೆ ಭೀಮಾ ಉಕ್ಕಿ ದಂಡೆಯ ಹೊಲಗಳು ಮುಳುಗಿದವು. ಅದೂ ಲಾ ನಿನಾ ವರ್ಷವೇ.

ಹಿಂದೂ ಮಹಾಸಾಗರದ ದ್ವಿಧ್ರುವ ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬಲಗೊಳ್ಳುವುದರಿಂದ, ಹಿಂಗಾರಿ ಜೋಳ ಬಿತ್ತುವ ಮುನ್ನ ಎರಡನೇ ಅಂಕಿಯನ್ನು ಇನ್ನೊಮ್ಮೆ ನೋಡಿ.