ತೋಟಗಾರಿಕೆ ಕಲಿತು ಕೆಲಸ ಹಿಡಿಯಲು: ಕಲಬುರಗಿ, ಬೀದರ, ಯಾದಗಿರಿಯವರಿಗೆ ಒಂದು ಕೈಪಿಡಿ

ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಲಾಗದೆ ಹೊಲದಲ್ಲೇ ಉಳಿದವರು ಮೊದಲು ನೋಡಬೇಕಾದದ್ದು ತೋಟಗಾರಿಕೆ ಇಲಾಖೆಯ ಹತ್ತು ತಿಂಗಳ ತರಬೇತಿ. ರೈತರ ಮಕ್ಕಳಿಗೆಂದೇ ಇರುವ ಇದು ಮೇ ತಿಂಗಳಲ್ಲಿ ಶುರುವಾಗಿ ಫೆಬ್ರುವರಿ ಕೊನೆಗೆ ಮುಗಿಯುತ್ತದೆ. ವಯಸ್ಸು 18 ತುಂಬಿರಬೇಕು. ಮೇಲಿನ ಮಿತಿ ಸಾಮಾನ್ಯವಾಗಿ 30, ಪರಿಶಿಷ್ಟರಿಗೆ 33. ತಿಂಗಳಿಗೆ ಸಣ್ಣದೊಂದು ಶಿಷ್ಯವೇತನವೂ ಇದೆ, ಆದರೆ ಅದನ್ನು ನಂಬಿ ಮನೆ ನಡೆಸಲಾಗದು. ಅರ್ಜಿ ಕರೆಯುವುದು ಬೇಸಿಗೆ ಶುರುವಾಗುವ ಹೊತ್ತಿಗೆ, ಜಿಲ್ಲೆಯ ತೋಟಗಾರಿಕೆ ಉಪನಿರ್ದೇಶಕರ ಕಚೇರಿಯಿಂದ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದು ಹೋಗುತ್ತದೆ. ಆದ್ದರಿಂದ ಫೆಬ್ರುವರಿಯಿಂದಲೇ ತಾಲ್ಲೂಕು ತೋಟಗಾರಿಕೆ ಕಚೇರಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳಿ ಬರುವುದು ಒಳ್ಳೆಯದು.

ಅರ್ಜಿಗಳು ಬೀಳುವುದು ಹೆಚ್ಚಾಗಿ ಕಾಗದದ ತೊಡಕಿನಿಂದ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ವಂಶವೃಕ್ಷ ಬೇಕು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು ಇದ್ದರೆ ಮೊದಲೇ ತಿದ್ದಿಸಿ, ಕೊನೆಯ ವಾರದಲ್ಲಿ ಅದು ಆಗುವ ಕೆಲಸವಲ್ಲ. ಜೊತೆಗೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅದನ್ನು ಕೊಡುವವರು ಸಹಾಯಕ ಆಯುಕ್ತರು. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ, ಅಂದರೆ ಈ ಭಾಗದ ಕಚೇರಿಗಳ, ‘ಸಿ’ ಗುಂಪಿನ ಹುದ್ದೆಗಳಲ್ಲಿ 80 ಶೇಕಡಾ, ‘ಡಿ’ ಗುಂಪಿನಲ್ಲಿ 85 ಶೇಕಡಾ ನಮ್ಮವರಿಗೇ ಮೀಸಲು. ಈ ಭಾಗದ ಕಾಲೇಜುಗಳಲ್ಲಿ 70 ಶೇಕಡಾ ಸೀಟೂ ಹಾಗೆಯೇ. ಒಂದು ಪತ್ರ ಇಲ್ಲದ್ದಕ್ಕೆ ಇಷ್ಟನ್ನು ಕಳೆದುಕೊಳ್ಳಬಾರದು.

ತರಬೇತಿ ನಮ್ಮ ಕಡೆಯ ಅತಿ ಕೆಟ್ಟ ಬಿಸಿಲಲ್ಲಿ ಶುರುವಾಗುತ್ತದೆ. ಗುಂಡಿ ತೋಡುವುದು, ಮಣ್ಣು ಸೋಸುವುದು, ಚೀಲ ತುಂಬುವುದು, ಮೊದಲ ತಿಂಗಳೆಲ್ಲ ಇದೇ. ‘ಕೂಲಿ ಕೆಲಸ ಮಾಡಿಸುತ್ತಾರೆ’ ಎಂದು ಬಿಟ್ಟು ಬರುವ ಮನಸ್ಸಾಗುವುದೂ ಆಗಲೇ. ಬಿಡಬೇಡಿ. ಮಳೆ ಬಿದ್ದ ಮೇಲೆ ಕಸಿ ಶುರುವಾಗುತ್ತದೆ, ಹತ್ತು ತಿಂಗಳಲ್ಲಿ ಬದುಕಿಗಾಗುವ ವಿದ್ಯೆ ಅದೇ.

ಕಸಿ ಕೈಗೆ ಹತ್ತುವುದು ಹೇಗೆ

ಮಾವಿನ ಮೃದುಕಾಂಡ ಕಸಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೇರುಗಿಡ, ಅಂದರೆ ಕೆಳಗೆ ಬೇರು ಕೊಡುವ ಸಸಿ, ಪೆನ್ಸಿಲ್ ದಪ್ಪ ಇರಬೇಕು. ಅದರ ಮೇಲೆ ಕೂರಿಸುವ ಕಸಿಕಡ್ಡಿಯನ್ನು ಒಳ್ಳೆಯ ಫಲ ಕೊಡುತ್ತಿರುವ ತಾಯಿಮರದಿಂದಲೇ ಆರಿಸಿ, ಮೂರು-ನಾಲ್ಕು ತಿಂಗಳು ಬಲಿತ ತುದಿರೆಂಬೆ. ಕತ್ತರಿಸುವ 7ರಿಂದ 10 ದಿನ ಮೊದಲು ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿಬಿಡಿ. ತೊಟ್ಟು ಒಣಗಿ ಉದುರುವಷ್ಟರಲ್ಲಿ ತುದಿಮೊಗ್ಗು ಉಬ್ಬಿರುತ್ತದೆ. ಆಗ 10ರಿಂದ 15 ಸೆಂ.ಮೀ. ಕಡ್ಡಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ.

ಬೇರುಗಿಡವನ್ನು ಮಣ್ಣಿನಿಂದ 15–20 ಸೆಂ.ಮೀ. ಮೇಲೆ, ಕಾಂಡ ಇನ್ನೂ ಎಳೆಯದಾಗಿರುವಲ್ಲಿ ಕತ್ತರಿಸಿ, ನಡುವೆ 3–4 ಸೆಂ.ಮೀ. ಸೀಳಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಬೆಣೆಯಂತೆ ಎರಡೂ ಕಡೆ ಒಂದೇ ಎಳೆತದಲ್ಲಿ ಕೆತ್ತಿ. ಎರಡು-ಮೂರು ಸಲ ಕೆತ್ತಿದರೆ ಮೈ ಏರುಪೇರಾಗಿ ನಡುವೆ ಗಾಳಿ ನಿಲ್ಲುತ್ತದೆ. ಕಡ್ಡಿ ಸಣ್ಣದಾದರೆ ನಡುವಿಗೆ ಕೂರಿಸಬೇಡಿ, ಒಂದು ಬದಿಯ ತೊಗಟೆಗೆ ತೊಗಟೆ ಸರಿಯಾಗಿ ಕೂರಲಿ. ಕೂಡಿಕೊಳ್ಳುವ ಪದರ ತೊಗಟೆಯ ಕೆಳಗಿದೆ, ತಿರುಳಿನಲ್ಲಿ ಅಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ ಬುಡದಲ್ಲಿ ಕಟ್ಟಿ. ಎರಡು-ಮೂರು ವಾರಕ್ಕೆ ಚಿಗುರು ಕಂಡ ಮೇಲೆ ಕವರ್ ತೆಗೆಯಿರಿ, ಪಟ್ಟಿಯನ್ನು ಎರಡು-ಮೂರು ತಿಂಗಳ ನಂತರ ಬಿಚ್ಚಿ. ಬಿಚ್ಚಲು ಮರೆತರೆ ಕಾಂಡಕ್ಕೆ ಬರೆ ಬಿದ್ದು, ನಾಟಿ ಮಾಡಿದ ಮೇಲೆ ಗಾಳಿಗೆ ಅಲ್ಲೇ ಮುರಿಯುತ್ತದೆ.

ನಮ್ಮ ಕಡೆ ಕಸಿ ಸಾಯಲು ಮುಖ್ಯ ಕಾರಣ ಒಣಗಾಳಿ. ಏಪ್ರಿಲ್–ಮೇನಲ್ಲಿ ಕಟ್ಟಿದ್ದು ಬಹುಪಾಲು ಹೋಗುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಗಾಳಿಯಲ್ಲಿ ತೇವ ಇರುವಾಗ ಕಟ್ಟಿ. ಕವರ್ ತೊಡಿಸಿದ ಗಿಡ ನೇರ ಬಿಸಿಲಲ್ಲಿ ನಿಂತರೆ ಒಳಗೇ ಬೇಯುತ್ತದೆ, 50 ಶೇಕಡಾ ನೆರಳು ಪರದೆ ಬೇಕೇಬೇಕು. ಕಸಿಯ ಕೆಳಗಿನ ಚಿಗುರನ್ನು ವಾರಕ್ಕೊಮ್ಮೆ ಚಿವುಟದಿದ್ದರೆ ಬೇರಿನ ಸತ್ವವೆಲ್ಲ ಅದಕ್ಕೇ ಹೋಗಿ ಮೇಲಿನ ಕಡ್ಡಿ ಒಣಗುತ್ತದೆ. ಇನ್ನು ಮಣ್ಣು. ಹೊಲದ ಕರಿಮಣ್ಣನ್ನೇ ಚೀಲಕ್ಕೆ ತುಂಬಬೇಡಿ. ಒದ್ದೆಯಾದರೆ ನೀರು ಬಸಿಯದು, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು. ಬೀದರದವರಿಗೆ ಕೆಂಪುಮಣ್ಣು ಮನೆ ಬಾಗಿಲಲ್ಲೇ ಇದೆ, ಉಳಿದವರು ತರಿಸಬೇಕಾದೀತು.

ದಿನಕ್ಕೆ ಇಪ್ಪತ್ತು ಗಿಡದಂತೆ ಕಟ್ಟಿ, ಪ್ರತಿ ಸಾಲಿಗೂ ತಾರೀಖು ಬರೆದ ಚೀಟಿ ಹಾಕಿ, ತಿಂಗಳ ಮೇಲೆ ಎಷ್ಟು ಬದುಕಿವೆ ಎಂದು ಎಣಿಸಿ. ಬದುಕಿದ ಗಿಡಕ್ಕೆ ಇಷ್ಟು ಎಂದು ಕೂಲಿ ಮಾತಾಡುವ ನರ್ಸರಿಗಳಿವೆ. ಅಲ್ಲಿ ನಿಮ್ಮ ಸರ್ಟಿಫಿಕೇಟಿಗಿಂತ ಆ ಎಣಿಕೆ ಮಾತಾಡುತ್ತದೆ.

ಮೆಣಸಿನಕಾಯಿ ಸಸಿ: ಬೇಗ ಕೈಗೆ ದುಡ್ಡು ಬರುವ ದಾರಿ

ಯಾದಗಿರಿ, ಶಹಾಪುರ, ಸುರಪುರ ಕಡೆಯವರು ಹಣ್ಣಿನ ನರ್ಸರಿಗಿಂತ ಮೊದಲು ಇದನ್ನು ಕಲಿಯಲಿ. ಸಾಲಿಂದ ಸಾಲಿಗೆ 90, ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 10,000 ಸಸಿ ಬೇಕು. 98 ಗುಣಿಯ ಟ್ರೇ ಲೆಕ್ಕದಲ್ಲಿ 102 ಟ್ರೇ, ಹುಟ್ಟದ್ದು, ಸತ್ತದ್ದು ಸೇರಿಸಿ 115 ತುಂಬಿಸಿ. ಟ್ರೇಗೆ ಒಂದೂಕಾಲು ಕಿಲೋದಷ್ಟು ಹದಮಾಡಿದ ತೆಂಗಿನ ನಾರಿನ ಪುಡಿ ಹಿಡಿಯುತ್ತದೆ. ಪುಡಿಯನ್ನು ಮೊದಲು ನೀರಲ್ಲಿ ತೊಳೆದು ಉಪ್ಪಿನಂಶ ತೆಗೆಯದಿದ್ದರೆ ಸಸಿ ತುದಿ ಸುಟ್ಟು ನಿಲ್ಲುತ್ತದೆ. ಗುಣಿಗೊಂದು ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿ. ಮೊಳಕೆ ಕಂಡ ದಿನವೇ ಬಿಡಿಸಿ ಹರಡಬೇಕು. ಒಂದು ದಿನ ತಡವಾದರೂ ಕಾಂಡ ಸಣಕಲಾಗಿ ಉದ್ದ ಬೆಳೆದು ಬಿಳಿಚುತ್ತದೆ. 18ನೇ ದಿನಕ್ಕೆ ಲೀಟರ್ ನೀರಿಗೆ 3 ಗ್ರಾಂ 19:19:19 ಗೊಬ್ಬರ ಬೆರೆಸಿ ಸಿಂಪಡಿಸಿ. 35–40 ದಿನಕ್ಕೆ ಸಸಿ ಸಿದ್ಧ, ಕೊನೆಯ ವಾರ ನೀರು ಕಡಿಮೆ ಮಾಡಿ ಗಟ್ಟಿ ಮಾಡಿ.

ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ. ಸಂಜೆ ನೀರು ಹಾಕುವುದು ಬಿಡಿ. ಸೊಳ್ಳೆಪರದೆಯಂಥ ದಟ್ಟ ನೆಟ್ ಇಲ್ಲದೆ ಬೆಳೆಸಿದರೆ ಬಿಳಿನೊಣ ನರ್ಸರಿಯಲ್ಲೇ ಎಲೆ ಮುದುಡುವ ಮುಟುರು ರೋಗ ಅಂಟಿಸಿ ಹೋಗುತ್ತದೆ. ಅದು ಕಾಣುವುದು ರೈತನ ಹೊಲಕ್ಕೆ ಹೋದ ಮೇಲೆ, ಆಗ ಅವನ ವರ್ಷವೇ ಹಾಳು. ನೆಟ್ಟಿಗೆ ಹಣವಿಲ್ಲದಿದ್ದರೆ ಈ ವರ್ಷ ಸಸಿ ಮಾರಬೇಡಿ.

ಹನಿ ನೀರಾವರಿ ನೋಡಿಕೊಳ್ಳುವವರಿಗೂ ದಾಳಿಂಬೆ, ಬಾಳೆ, ಪಪ್ಪಾಯ ತೋಟಗಳಲ್ಲಿ ಕೆಲಸವಿದೆ. ಅದರಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ಎರಡು. ಫಿಲ್ಟರಿಗೆ ನೀರು ಹೋಗುವಲ್ಲಿಗೂ ಹೊರಬರುವಲ್ಲಿಗೂ ಇರುವ ಒತ್ತಡದ ಅಂತರ ಚದರ ಸೆಂ.ಮೀ.ಗೆ ಅರ್ಧ ಕಿಲೋ ದಾಟಿದರೆ ತೊಳೆಯಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದ ಜೊತೆ ಒಂದೇ ತೊಟ್ಟಿಯಲ್ಲಿ ಕರಗಿಸಬಾರದು, ಬಿಳಿ ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚುತ್ತದೆ.

ಪಿಯುಸಿ ವಿಜ್ಞಾನ ಓದಿದವರಿಗೆ

ಜೀವಶಾಸ್ತ್ರ ಓದಿದ್ದರೆ ಸಿಇಟಿ ಮೂಲಕ ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಬೀದರದಲ್ಲೇ ಇದೆ. ರೈತ ಕುಟುಂಬದವರಿಗೆ ಕೃಷಿಕರ ಕೋಟಾ ಉಂಟು. ಅದಕ್ಕೆ ಬೇರೆ ದಾಖಲೆ, ಬೇರೆ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸುವುದು ಅಲ್ಲಿ ಬರುತ್ತದೆ. ಅರ್ಜಿ ತುಂಬುವಾಗ ಆ ಕಾಲಂ ಬಿಟ್ಟರೆ ಆಮೇಲೆ ಸೇರಿಸಲು ಪಾಡು ಪಡಬೇಕು. ಪದವಿಯ ನಂತರ ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ) ಮೂಲಕ ಸಹಾಯಕ ತೋಟಗಾರಿಕೆ ಅಧಿಕಾರಿ, ಬ್ಯಾಂಕುಗಳಲ್ಲಿ ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ) ಮೂಲಕ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ. ಕೆಪಿಎಸ್‌ಸಿ ನೇಮಕಾತಿ ವರ್ಷ ವರ್ಷ ಬರುವುದಿಲ್ಲ, ಅದನ್ನೊಂದೇ ಕಾದು ಕೂರಬೇಡಿ. ಸ್ವಂತ ಉದ್ಯೋಗಕ್ಕೆ ಕೇಂದ್ರದ ಕೃಷಿ ಚಿಕಿತ್ಸಾಲಯ ಯೋಜನೆಯಡಿ 45 ದಿನದ ಉಚಿತ ತರಬೇತಿ ಇದೆ. ಅದರ ನಂತರ ಬ್ಯಾಂಕ್ ಸಾಲ ಪಡೆದು ಶುರು ಮಾಡುವ ಉದ್ಯಮದ ವೆಚ್ಚಕ್ಕೆ 36 ಶೇಕಡಾ, ಮಹಿಳೆಯರಿಗೂ ಪರಿಶಿಷ್ಟರಿಗೂ 44 ಶೇಕಡಾ ಸಹಾಯಧನ.

ಶಾಲೆಯನ್ನೇ ಬಿಟ್ಟವರು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಮೂರೂ ಜಿಲ್ಲೆಗಳಲ್ಲಿದೆ, ಕೆಲವು ದಿನಗಳ ತರಬೇತಿಗೆ ಅಂಕಪಟ್ಟಿ ಕೇಳುವುದಿಲ್ಲ.

ಹತ್ತು ತಿಂಗಳು ಮುಗಿಸಿದವರಿಗೆ ಇಲಾಖೆಯ ನರ್ಸರಿ, ನಗರಸಭೆಯ ಉದ್ಯಾನದ ಜೊತೆಗೆ ಸೇಡಂ, ವಾಡಿ ಸುತ್ತಿನ ಸಿಮೆಂಟ್ ಕಾರ್ಖಾನೆಗಳು ಗಿಡಮರ ಬೆಳೆಸುವ ಹಸಿರು ಪಟ್ಟಿಯಲ್ಲೂ ಕೆಲಸವಿದೆ. ಅಲ್ಲಿ ಕೆಲಸ ಗುತ್ತಿಗೆದಾರರ ಕೈಯಲ್ಲಿರುತ್ತದೆ. ಸೇರುವ ಮೊದಲೇ ಪಿಎಫ್, ಇಎಸ್‌ಐ ಕಟ್ಟುತ್ತಾರೋ ಕೇಳಿ, ಮೂರನೇ ತಿಂಗಳು ನಿಮ್ಮ ಯುಎಎನ್ (ಪಿಎಫ್ ಖಾತೆಯ) ಸಂಖ್ಯೆ ಹಾಕಿ ಪಿಎಫ್ ಹಣ ಜಮೆಯಾಗಿದೆಯೋ ಮೊಬೈಲಿನಲ್ಲೇ ನೋಡಿ.